ಸೆರಗಿನ ತುದಿಯ ಗಂಟುಗಳು

ಟೀಚರಮ್ಮನ ಸೆರಗಿನ ತುದಿ ನೆಟ್ಟಗೆ ಇದ್ದದ್ದನ್ನು ನಾನು ಎಷ್ಟೋ ವರ್ಷ ನೋಡಿರಲೇ ಇಲ್ಲ. ಸೀರೆಯೇನೋ ಗಂಜಿ ಹಾಕಿ ಇಸ್ತ್ರಿ ಮಾಡಿದ್ದು, ನೆರಿಗೆಗಳು ಪುಸ್ತಕದ ಹಾಳೆಯಂತೆ ಕೂತಿರುತ್ತಿದ್ದವು. ಆದರೆ ಸೆರಗಿನ ಕೊನೆಯ ಒಂದು ಗೇಣು ಮಾತ್ರ ಕರು ಅಗಿದು ಬಿಟ್ಟಂತೆ ಮುದುಡಿಕೊಂಡಿರುತ್ತಿತ್ತು. ಅಂಚಿನ ಎಳೆಗಳ ಜೊತೆ ಚೂರು ಬಟ್ಟೆಯನ್ನೂ ಸೇರಿಸಿ ತಿರುಚಿ ಹಾಕಿದ ಸಣ್ಣ ಸಣ್ಣ ಗಂಟುಗಳು ಅಲ್ಲಿದ್ದವು. ಗೊತ್ತಿಲ್ಲದವರು ಕಾಸು ಕಟ್ಟಿಕೊಂಡಿದ್ದಾರೆ ಅಂದುಕೊಳ್ಳುತ್ತಿದ್ದರು. ಮಾಲೂರಿನ ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ರೇಗಿಯೇಬಿಟ್ಟಿದ್ದ. "ಸೆರಗು ತುಂಬಾ ಕಟ್ಕೊಂಡಿದ್ದೀರ, ಚಿಲ್ಲರೆ ಇಲ್ಲ ಅಂತೀರಲ್ಲಮ್ಮ!"

"ಇದು ಬೇರೆಯವರದ್ದಪ್ಪ. ನಾನು ಖರ್ಚು ಮಾಡೋ ಹಾಗಿಲ್ಲ" ಅಂದಿದ್ದರು ಟೀಚರಮ್ಮ. ಪಕ್ಕದಲ್ಲಿ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ಅವರು ಕೋಲಾರದ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಸಂಡೇ ಸ್ಕೂಲ್ ನಡೆಸುತ್ತಿದ್ದರು. ವಾರದ ಮಿಕ್ಕ ದಿನ ಸರ್ಕಾರಿ ಪ್ರಾಥಮಿಕ ಶಾಲೆಯ ಕೆಲಸ. ಮದುವೆಯಾಗಿರಲಿಲ್ಲ. ಶ್ರೀನಿವಾಸಪುರದ ಕಡೆಯವರು, ಮನೆಮಾತು ತೆಲುಗು. ಪ್ರಾರ್ಥನೆ ಕನ್ನಡದಲ್ಲಿ ಮಾಡುತ್ತಿದ್ದರು, ಮುದ್ದು ಮಾಡುವುದೂ ಬೈಯುವುದೂ ತೆಲುಗಿನಲ್ಲಿ. ತೀರಿಹೋದ ತಮ್ಮನ ಮಗಳನ್ನು ಹಾಲುಗಲ್ಲದ ಕೂಸಾಗಿದ್ದಾಗಿನಿಂದ ಸಾಕಿಕೊಂಡಿದ್ದರು. ಆ ಹುಡುಗಿ ನನಗಿಂತ ಚಿಕ್ಕವಳು. ಸಂಡೇ ಸ್ಕೂಲಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು, ಹಾಡು ಶುರುವಾದರೆ ಎಲ್ಲರಿಗಿಂತ ಅರ್ಧ ಸಾಲು ಮುಂದೆ ಓಡುತ್ತಿದ್ದಳು. ಟೀಚರಮ್ಮ ಅವಳನ್ನು "ನಾ ತಲ್ಲೀ", ನನ್ನ ತಾಯೀ, ಅಂತಲೇ ಕರೆಯುತ್ತಿದ್ದುದು.

ಶನಿವಾರ ಮಧ್ಯಾಹ್ನ ಸ್ತ್ರೀಯರ ಕೂಟ ಇರುತ್ತಿತ್ತು. ಕಷ್ಟ ಇದ್ದವರು ಬೇಗ ಬಂದು ಚರ್ಚಿನ ಪಕ್ಕದ ಮೆಟ್ಟಿಲ ಮೇಲೆ ಟೀಚರಮ್ಮನ ಮಗ್ಗುಲಿಗೆ ಕೂತು ಕಿವಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಅವರು "ಅಯ್ಯೋ ಪಾಪ" ಅನ್ನುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ. ಬೆರಳುಗಳು ಮಾತ್ರ ಸೆರಗಿನ ತುದಿಯಲ್ಲಿ ಒಂದು ಗಂಟು ಹಾಕುತ್ತಿದ್ದವು. ಕೂಟದಲ್ಲಿ ಸೆರಗನ್ನು ಮಡಿಲಲ್ಲಿ ಹರವಿಕೊಂಡು ಒಂದೊಂದೇ ಗಂಟು ಹಿಡಿದು "ಕರ್ತನೇ, ಇದು ನಿನಗೆ ಗೊತ್ತು" ಅನ್ನುತ್ತಿದ್ದರು. ಎಲ್ಲರೂ ಆಮೆನ್ ಅನ್ನುತ್ತಿದ್ದೆವು. ಹೆಸರಿಲ್ಲ, ಊರಿಲ್ಲ, ವಿಷಯವೂ ಇಲ್ಲ. ಕಷ್ಟ ಪರಿಹಾರವಾದ ಮೇಲೆ ಆ ಹೆಂಗಸೇ ಬಂದು ತನ್ನ ಗಂಟನ್ನು ತನ್ನ ಕೈಯಿಂದ ಬಿಚ್ಚಬೇಕು. ಅದು ಅವರ ಪದ್ಧತಿ. ಬಿಚ್ಚುವಾಗ ಯಾರೂ ಏನೂ ಕೇಳುವಂತಿರಲಿಲ್ಲ.

ದಿನಾ ಬೆಳಿಗ್ಗೆ ಸೀರೆ ಬದಲಾಯಿಸುತ್ತಾರಲ್ಲ, ಆಗ ಗಂಟುಗಳನ್ನೆಲ್ಲ ಹೊಸ ಸೀರೆಗೆ ಮತ್ತೆ ಹಾಕಬೇಕಿತ್ತು. ಒಂದೊಂದು ಹಾಕುವಾಗಲೂ ಒಂದೊಂದು ಮುಖ ನೆನೆಯುತ್ತಿದ್ದರು. ಅವರ ಬೆಳಗಿನ ಪ್ರಾರ್ಥನೆ ಅಂದರೆ ಅಷ್ಟೇ. ಒಲೆಯ ಮೇಲೆ ಹಾಲು ಉಕ್ಕಿದರೂ ಅದು ಮುಗಿಯದೆ ಆಚೆ ಬರುತ್ತಿರಲಿಲ್ಲ. ಹುಡುಗಿ ಓಡಿಹೋಗಿ ಹಾಲು ಇಳಿಸುತ್ತಿದ್ದಳು.

ಸಭೆಯ ಸೆಕ್ರೆಟರಿಯ ಹೆಂಡತಿಗೆ ಈ ಪದ್ಧತಿ ಕಂಡರಾಗುತ್ತಿರಲಿಲ್ಲ. ಒಂದು ಕೂಟದಲ್ಲಿ ಎಲ್ಲರ ಮುಂದೆ ಹೇಳಿಯೇಬಿಟ್ಟರು. "ಹೆಸರು ಹಿಡಿದು ಪ್ರಾರ್ಥನೆ ಮಾಡಿದ್ರೆ ಬಲ ಜಾಸ್ತಿ ಟೀಚರಮ್ಮ. ಯಾರದು, ಏನು ಅಂತ ಗೊತ್ತಿಲ್ಲದೆ ನಾವು ಹೆಂಗೆ ಆಮೆನ್ ಅನ್ನೋದು?"

"ದೇವರಿಗೆ ಗೊತ್ತಿದ್ರೆ ಸಾಲದೇನಮ್ಮ? ಆಮೆನ್ ಅನ್ನೋಕೆ ನಿಮಗೆ ಹೆಸರು ಯಾಕೆ ಬೇಕು?"

ಸೆಕ್ರೆಟರಿಯ ಹೆಂಡತಿ ಆಮೇಲೆ ಒಂದು ತಿಂಗಳು ಮುಖ ಊದಿಸಿಕೊಂಡಿದ್ದರು. ಅವರ ಗಂಟೂ ಆ ಸೆರಗಿನಲ್ಲಿತ್ತು ಅಂತ ನನ್ನ ಗುಮಾನಿ. ಟೀಚರಮ್ಮ ಮಾತ್ರ ಬಾಯಿ ಬಿಡಲಿಲ್ಲ.

ನಮ್ಮಮ್ಮನದೂ ಒಂದು ಇತ್ತು. ನಮ್ಮಪ್ಪ ಕುಡಿದು ಬಂದು ಮಾಡುತ್ತಿದ್ದ ರಂಪ ಬೀದಿಗೆಲ್ಲ ಗೊತ್ತಿದ್ದರೂ ನಮ್ಮಮ್ಮ ಅದನ್ನು ಯಾರ ಮುಂದೆಯೂ ಒಪ್ಪಿಕೊಂಡವಳಲ್ಲ. ಒಂದು ಭಾನುವಾರ ಪಾಠದ ಮಧ್ಯೆ ನಾನು ಟೀಚರಮ್ಮನ ಸೆರಗು ಹಿಡಿದು, "ಇದರಲ್ಲಿ ನಮ್ಮಮ್ಮಂದು ಯಾವುದು?" ಅಂತ ಕೇಳಿದೆ. ಕೈ ಮೇಲೆ ಪಟ್ಟಂತ ಒಂದು ಏಟು ಬಿತ್ತು. "ನಿಮ್ಮಮ್ಮಂದು ಇದೆ ಅಂತ ನಿನಗ್ಯಾರೇ ಹೇಳಿದ್ದು, ಪಿಲ್ಲಾ?" ಅಂದರು. ಆಮೇಲೆ ಏಟು ಬಿದ್ದ ಜಾಗವನ್ನು ಅವರೇ ಸವರಿದರು. ಮನೆಗೆ ಹೋಗುವ ದಾರಿಯಲ್ಲಿ ನನಗೆ ಯಾಕೋ ಎದೆ ಹಗುರವಾಗಿತ್ತು. ನಮ್ಮ ಮನೆಯ ಅವಮಾನ ಯಾರ ಕೈಗೂ ಸಿಗದ ಜಾಗದಲ್ಲಿದೆ ಅನ್ನಿಸಿತ್ತು.

ಯಾರಾದರೂ ಮಕ್ಕಳು ಚಾಡಿ ಹೇಳಲು ಹೋದರೆ, ದೊಡ್ಡವರು ಸುದ್ದಿ ತಂದರೆ, ಅವರದು ಒಂದೇ ಪ್ರಶ್ನೆ. "ಇದು ನಿಂದಾ, ಅವರದಾ?" ನಿನ್ನದಾದರೆ ಹೇಳು, ಅವರದಾದರೆ ಅವರೇ ಹೇಳಲಿ ಅಂತ ಅದರ ಅರ್ಥ. ಇಷ್ಟು ಕೇಳಿದರೆ ಅರ್ಧಕ್ಕರ್ಧ ಮಾತು ಗಂಟಲಲ್ಲೇ ನಿಂತುಬಿಡುತ್ತಿತ್ತು.

ಹುಡುಗಿಗೆ ಮದುವೆಯಾಯಿತು. ವರ ಟೇಕಲ್‌ನವನು, ಮಾಲೂರಿನ ಒಂದು ಸಭೆಯಲ್ಲಿ ಕೀಬೋರ್ಡ್ ನುಡಿಸಿಕೊಂಡು ಹಾಡಿನ ಆರಾಧನೆ ನಡೆಸುತ್ತಿದ್ದ. ನಯವಾದ ಮಾತು, ಬಗ್ಗಿದ ಕತ್ತು. ಹಾಡುವ ಹುಡುಗಿಗೆ ನುಡಿಸುವ ಹುಡುಗ ಸಿಕ್ಕ ಅಂತ ನಾವೆಲ್ಲ ಹಿಗ್ಗಿದೆವು. ಎರಡು ವರ್ಷ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಅವಳು ಟೇಕಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಎಲ್ಲೆಲ್ಲೋ ಇಳಿದು, ಬಸ್ಸು ಹಿಡಿದು ಕೋಲಾರಕ್ಕೆ ಬಂದಳು. ನಾನು ಆಗ ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಟೀಚರಾಗಿದ್ದೆ. ಟೀಚರಮ್ಮ ಹೇಳಿಕಳಿಸಿದರು, ಹೋದೆ. ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೆನ್ನಿನ ಮೇಲೆ ಕೀಬೋರ್ಡಿನ ವೈರಿನಿಂದ ಹೊಡೆದ ಗುರುತುಗಳಿದ್ದವು. ನಾನು ಅದಕ್ಕಿಂತ ಹೆಚ್ಚು ಬರೆಯಲಾರೆ.

ಅವಳನ್ನು ಮುಳಬಾಗಿಲಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೇಲ್ವಿಚಾರಣೆಯ ಕೆಲಸಕ್ಕೆ ಸೇರಿಸಿದರು. ಅಲ್ಲಿರುವುದು ಟೀಚರಮ್ಮನಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗಂಡ ಹುಡುಕಿಕೊಂಡು ಕೋಲಾರಕ್ಕೆ ಬಂದ. "ಅತ್ತೆ, ಅವಳು ಎಲ್ಲಿದ್ರೂ ಚೆನ್ನಾಗಿರಲಿ, ಒಂದು ಸಲ ಮುಖ ನೋಡಿದ್ರೆ ಸಾಕು" ಅಂತ ಜಗುಲಿಯಲ್ಲಿ ಮೊಣಕಾಲೂರಿ ಪ್ರಾರ್ಥನೆಯನ್ನೂ ಮಾಡಿದ. ಟೀಚರಮ್ಮ ಜಪ್ಪಯ್ಯ ಅನ್ನಲಿಲ್ಲ. ಅವನು ಹೋದ ಮೇಲೆ ಸೆರಗಿನ ಗಂಟೊಂದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದರು.

ಅಷ್ಟರಲ್ಲಿ ಸ್ತ್ರೀಯರ ಕೂಟ ಬಡವಾಗಿತ್ತು. ವಯಸ್ಸಾದವರು ಹೋಗಿಬಿಟ್ಟರು, ಹೊಸ ಸೊಸೆಯಂದಿರಿಗೆ ಶನಿವಾರ ಬಿಡುವಿಲ್ಲ. ಮೆಟ್ಟಿಲ ಮೇಲೆ ಟೀಚರಮ್ಮ ಒಬ್ಬರೇ ಕೂತಿರುತ್ತಿದ್ದರು. ಯಾರೋ ಅವರಿಗೆ ನೆಟ್ಟಿನ ವಿಷಯ ಹೇಳಿದರು. ಬಸ್ ಸ್ಟ್ಯಾಂಡಿನ ಪಕ್ಕದ ಸೈಬರ್ ಸೆಂಟರಿಗೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಪ್ಲೈವುಡ್ಡಿನ ಗೂಡಿನೊಳಗೆ ಕನ್ನಡಕ ಏರಿಸಿಕೊಂಡು ಕೂತು ಕಲಿತರು. ಈಗ ಮುಚ್ಚಿಹೋಗಿರುವ ಒಂದು ಸಾಮಾಜಿಕ ಜಾಲತಾಣದಲ್ಲಿ ಕನ್ನಡ ವಿಶ್ವಾಸಿಗಳ ಒಂದು ಪ್ರಾರ್ಥನೆಯ ಗುಂಪಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. ಒಬ್ಬರ ಕಷ್ಟ ಓದಿ ಟೀಚರಮ್ಮ ಅಲ್ಲೇ ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದರೆ, ಸೆಂಟರಿನವನು ನಿದ್ದೆ ಹೋದರು ಅಂದುಕೊಂಡು "ಅಮ್ಮಾ, ಟೈಮ್ ಓಡ್ತಾ ಇದೆ" ಅನ್ನುತ್ತಿದ್ದ.

"ಬಳ್ಳಾರಿಯಲ್ಲೊಬ್ಬಳು, ದುಬೈನಲ್ಲೊಬ್ಬಳು, ಎಲ್ಲಾ ಒಂದೇ ಮೆಟ್ಟಿಲ ಮೇಲೆ ಕೂತಂಗೆ ಕಣೇ" ಅಂತ ನನ್ನ ಹತ್ತಿರ ಸಂಭ್ರಮಪಟ್ಟರು. ಅಷ್ಟು ಖುಷಿಯಾಗಿದ್ದುದನ್ನು ನೋಡಿ ನನಗೂ ಸಮಾಧಾನವಾಗಿತ್ತು. ನಮ್ಮ ಪಾಸ್ಟರು ಪ್ರಸಂಗದಲ್ಲಿ "ಹೆಣ್ಣುಮಕ್ಕಳಿಗೆ ನೆಟ್ಟು ಬೇಡ" ಅಂತ ಗುಡುಗಿದಾಗ ನಾನು ಟೀಚರಮ್ಮನ ಮುಖ ನೋಡಿ ಕಣ್ಣು ಹೊಡೆದಿದ್ದೆ. ಪಾಸ್ಟರಿಗೆ ಭಯ ಇದ್ದದ್ದು ಹುಡುಗರ ಫೋಟೋಗಳ ಬಗ್ಗೆ. ಪ್ರಾರ್ಥನೆಯಿಂದ ಕೇಡಾಗಬಹುದು ಅಂತ ಅವರಿಗೂ ಹೊಳೆದಿರಲಿಕ್ಕಿಲ್ಲ.

ಮುಳಬಾಗಿಲಿನಲ್ಲಿ ಹುಡುಗಿ ಊಟ ಬಿಟ್ಟಳು. ಮಾತು ಬಿಟ್ಟಳು. ಹಾಡಂತೂ ಎಂದೋ ಬಿಟ್ಟಿದ್ದಳು. ಟೀಚರಮ್ಮ ಹೋಗಿ ಬಂದಾಗಲೆಲ್ಲ ಅವಳ ಹೆಸರಿಗೆ ಇನ್ನೊಂದು ಗಂಟು ಹಾಕುತ್ತಿದ್ದರು. ಒಬ್ಬರಿಗೆ ಒಂದೇ ಅನ್ನುವ ತಮ್ಮದೇ ಪದ್ಧತಿಯನ್ನು ಮುರಿದಿದ್ದರು. ಒಂದು ಸಂಜೆ ನಮ್ಮ ಮನೆಗೆ ಬಂದರು, ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಇತ್ತು.

"ನೂರಾರು ಜನ ಕಣೇ! ನನ್ನ ತಲ್ಲಿಗೋಸ್ಕರ ನೂರಾರು ಜನ ಆಮೆನ್ ಅಂದಿದ್ದಾರೆ."

"ಏನು ಬರೆದ್ರಿ ಟೀಚರಮ್ಮ?"

"ಇದ್ದಿದ್ದು ಬರೆದೆ. ಹೆಸರು, ಊರು ಹೇಳಿದ್ರೆ ಹಿಡಿದು ಪ್ರಾರ್ಥಿಸ್ತೀವಿ ಅಂತ ಆ ಗುಂಪಿನಲ್ಲಿ ಹೇಳ್ತಾರಲ್ಲ. ಅಲ್ಲಿರೋರೆಲ್ಲ ನಮ್ಮವರೇ ಕಣೇ. ವಿಶ್ವಾಸಿಗಳು."

ನಾನು ಅವರನ್ನು ಎಳೆದುಕೊಂಡೇ ಸೈಬರ್ ಸೆಂಟರಿಗೆ ಹೋದೆ. ಅವಳ ಹೆಸರಿತ್ತು. ಗಂಡನ ಹೊಡೆತದ ವಿಷಯವಿತ್ತು. ಮುಳಬಾಗಿಲಿನ ಹಾಸ್ಟೆಲಿನ ಹೆಸರೂ ಇತ್ತು. ಕೆಳಗೆ ಆಮೆನ್, ಆಮೆನ್, ಪ್ರಾರ್ಥಿಸುತ್ತಿದ್ದೇವೆ ಸಿಸ್ಟರ್, ಆಮೆನ್. ನಾನು ಒಂದೊಂದೇ ಹೆಸರು ಓದುತ್ತ ಇಳಿದೆ. ಮಧ್ಯದಲ್ಲೊಂದು ಕಡೆ ಕೀಬೋರ್ಡಿನ ಮುಂದೆ ಕೂತ ಒಬ್ಬನ ಚಿಕ್ಕ ಫೋಟೋ ಇತ್ತು. ಪಕ್ಕದಲ್ಲಿ ಅವನೂ ಬರೆದಿದ್ದ: ಆಮೆನ್.

ಟೀಚರಮ್ಮ ಆ ಫೋಟೋದ ಮೇಲೆ ಬೆರಳಿಟ್ಟರು. ಬೆರಳು ಅಲ್ಲೇ ಉಳಿಯಿತು.

ಹಾಸ್ಟೆಲಿನ ಫೋನು ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ. ಕೂಡಲೇ ಮುಳಬಾಗಿಲಿನ ಬಸ್ಸು ಹತ್ತಿದೆವು. ವಾರ್ಡನ್ ನಗುನಗುತ್ತಲೇ ಬಾಗಿಲು ತೆಗೆದರು. "ಬೆಳಿಗ್ಗೇನೇ ಅವರ ಯಜಮಾನರು ಬಂದು ಕರ್ಕೊಂಡು ಹೋದ್ರಲ್ಲ. ಎಷ್ಟು ಮರ್ಯಾದಸ್ಥರು! ಸಭೆಯ ಹಿರಿಯರೂ ಜೊತೆಗಿದ್ರು. ಪ್ರಾರ್ಥನೆ ಮಾಡೇ ಹೊರಟ್ರು" ಅಂದರು. ಅವಳ ಚಪ್ಪಲಿ ಬಾಗಿಲ ಪಕ್ಕದಲ್ಲೇ ಇತ್ತು. ಬರಿಗಾಲಲ್ಲಿ ಹೋಗಿದ್ದಳು. ಟೀಚರಮ್ಮ ಆ ಚಪ್ಪಲಿಗಳನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

ವಾಪಸು ಬರುವ ಬಸ್ಸಿನಲ್ಲಿ ಅವರು ಸೆರಗಿನ ಗಂಟುಗಳನ್ನು ಬಿಚ್ಚಲು ಶುರುಮಾಡಿದರು. ನಾನು ಕೈ ಹಿಡಿದುಕೊಂಡೆ. ಬಿಡಿಸಿಕೊಂಡರು.

"ಬೇರೆಯವರದ್ದೆಲ್ಲ ಜೋಪಾನ ಮಾಡಿದೆ. ಇವಳು ನನ್ನ ಮಗುವೇ ಅಲ್ಲವಾ, ಇದು ನಂದೇ ಅಂದ್ಕೊಂಡುಬಿಟ್ಟೆ ಕಣೇ. ಅವಳನ್ನ ಒಂದು ಮಾತು ಕೇಳಲಿಲ್ಲ. ಇದು ಅವಳದಾಗಿತ್ತು."

ಅದನ್ನು ತೆಲುಗಿನಲ್ಲಿ ಇನ್ನೊಂದು ಸಲ ಹೇಳಿ, ಕೊನೆಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದರು. ಅದು ನಮ್ಮಮ್ಮನದೋ ಇನ್ಯಾರದೋ ಗೊತ್ತಿಲ್ಲ.

ಟೇಕಲ್‌ಗೆ ಹೋದೆವು. ಗಂಡ ಕುರ್ಚಿ ಹಾಕಿದ, ಕಾಫಿ ತರಿಸಿದ. ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ನಾನು ಚೆನ್ನಾಗಿದ್ದೀನಿ ಅತ್ತೆ. ನೀವು ಹೋಗಿ" ಅಂದಳು. ಅತ್ತೆಯ ಮುಖ ಮಾತ್ರ ನೋಡಲಿಲ್ಲ. ಪೊಲೀಸಿನವರು, ಹುಡುಗಿಯೇ ಹೀಗಂದರೆ ನಾವೇನಮ್ಮ ಮಾಡೋಣ ಅಂದರು. ನಮ್ಮ ಸಭೆಯ ಹಿರಿಯರು ಗಂಡಹೆಂಡಿರ ವಿಷಯ ಅಂದು ಕೈತೊಳೆದುಕೊಂಡರು. ಅವರ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಆರಿಲ್ಲ.

ಬರೆದದ್ದನ್ನು ಟೀಚರಮ್ಮ ಅಳಿಸಿಹಾಕಿದರು. ಆದರೆ ಭಕ್ತಿಯುಳ್ಳ ಯಾರು ಯಾರೋ ಅದನ್ನು ತಮ್ಮ ತಮ್ಮ ಪುಟಕ್ಕೆ ಹಾಕಿಕೊಂಡಿದ್ದರು. "ಮುಳಬಾಗಿಲಿನ ಸಹೋದರಿಗಾಗಿ ಪ್ರಾರ್ಥಿಸುತ್ತಿದ್ದೇವೆ" ಅಂತ ತಿಂಗಳುಗಟ್ಟಲೆ ಬರುತ್ತಲೇ ಇತ್ತು. ಆ ಸಹೋದರಿ ಮುಳಬಾಗಿಲಿನಲ್ಲಿ ಇರಲೇ ಇಲ್ಲ. ಒಳ್ಳೆಯ ಮನಸ್ಸಿನವರ ಮೇಲೆ ನನಗೆ ಹಿಂದೆಂದೂ ಅಷ್ಟು ಅಸಹ್ಯ ಹುಟ್ಟಿರಲಿಲ್ಲ.

ಶನಿವಾರದ ಮೆಟ್ಟಿಲಿಗೆ ಅವರು ಮತ್ತೆ ಹೋಗಲಿಲ್ಲ. ಯಾರಾದರೂ ಮನೆಗೇ ಬಂದು ಪಕ್ಕದಲ್ಲಿ ಕೂತರೆ, "ನನ್ನ ಹತ್ರ ಹೇಳಬೇಡಮ್ಮ" ಅಂತ ಎದ್ದುಬಿಡುತ್ತಿದ್ದರು. ಸೆರಗಿನ ತುದಿ ಮಿಕ್ಕ ಸೀರೆಯ ಹಾಗೇ ನೀಟಾಗಿ ಇಳಿಬಿದ್ದಿರುತ್ತಿತ್ತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಸೈಬರ್ ಸೆಂಟರಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಆ ಗಂಡ ಪ್ರತಿ ಭಾನುವಾರ ಸಭೆಯ ಫೋಟೋ ಹಾಕುತ್ತಿದ್ದ. ಕೀಬೋರ್ಡಿನ ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟು ನಿಂತ ಹೆಂಡತಿ, ಮೇಲೆ ಸಂಸಾರದ ಆಶೀರ್ವಾದದ ಬಗ್ಗೆ ಅವನದೊಂದು ಮಾತು, ಕೆಳಗೆ ಸಾಲು ಸಾಲು ಆಮೆನ್. ಸೋಮವಾರ ಟೀಚರಮ್ಮ ಅದರ ಮುಂದೆ ಕೂರುತ್ತಿದ್ದರು. ಒಂದೊಂದು ಸಲ ನನ್ನನ್ನೂ ಕರೆದೊಯ್ಯುತ್ತಿದ್ದರು.

"ನಿನ್ನ ಕಣ್ಣು ಚುರುಕು, ನೋಡೇ. ಸೊರಗಿದ್ದಾಳಾ?"

"ಇಲ್ಲ ಟೀಚರಮ್ಮ."

"ಬೇಸಿಗೆಯಲ್ಲಿ ತುಂಬುತೋಳಿನ ರವಿಕೆ ಯಾಕೆ ಹಾಕಿದ್ದಾಳೆ?"

ನನಗೆ ಉತ್ತರ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇಷ್ಟಗಲ ಗಾಜಿನಾಚೆ ಸಾಕಿದ ಮಗಳು ನಿಂತಿದ್ದಳು. ನೋಡಬಹುದಾಗಿತ್ತು, ಅಷ್ಟೇ. ಸೆಂಟರಿನವನು ಟೈಮ್ ಓಡ್ತಾ ಇದೆ ಅನ್ನುವುದನ್ನು ಆ ದಿನಗಳಲ್ಲಿ ತಾನಾಗಿಯೇ ನಿಲ್ಲಿಸಿದ.

ಟೀಚರಮ್ಮ ಹೆಚ್ಚು ದಿನ ಉಳಿಯಲಿಲ್ಲ. ಹೃದಯ ಸೋತಿದೆ ಅಂದರು ಡಾಕ್ಟರು. ಕೊನೆಯ ವಾರಗಳಲ್ಲಿ ಮಂಚ ಬಿಟ್ಟು ಏಳಲಾರದೆ ಮಲಗಿದ್ದರು. ಪಾಸ್ಟರು ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಎಲ್ಲರೂ ಆಮೆನ್ ಅಂದೆವು, ಅವರು ಅನ್ನಲಿಲ್ಲ. ಪಾಸ್ಟರು ಹೋದ ಮೇಲೆ ನನ್ನ ಕೈ ಹಿಡಿದು ಕೇಳಿದರು. "ಈ ವಾರದ ಫೋಟೋ ಬಂತಾ? ಇದ್ದಾಳಾ ಅದರಲ್ಲಿ?" ಇದ್ದಾಳೆ ಅಂದೆ. ನಾನು ಕೇಳಿದ ಅವರ ಕೊನೆಯ ಮಾತು ಅದೇ.

ಸಮಾಧಿಯ ದಿನ ಹುಡುಗಿ ಗಂಡನ ಜೊತೆ ಬಂದಳು. ಅವನು ಬಿಳಿ ಅಂಗಿ ಹಾಕಿಕೊಂಡು, ಮೊಬೈಲು ಹಿಡಿದು, ಬಂದವರಿಗೆಲ್ಲ ಕೈಮುಗಿಯುತ್ತ ಓಡಾಡಿದ. ಪೆಟ್ಟಿಗೆ ಮುಚ್ಚುವ ಮುಂಚೆ ಮನೆಯವರು ಕಡೆಯದಾಗಿ ನೋಡಿ ಅಂದರು. ಅವಳು ಹೋಗಿ ಬಗ್ಗಿದಳು. ಬಿಳಿ ಸೀರೆಯ ಸೆರಗನ್ನು ಸರಿಮಾಡುವವಳ ಹಾಗೆ ಅದರ ತುದಿ ಹಿಡಿದು, ಅಂಚನ್ನು ತಿರುಚಿ, ಒಂದು ಗಂಟು ಹಾಕಿದಳು. ನಿಧಾನವಾಗಿ, ಬಿಗಿಯಾಗಿ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಬೇಡ ಅನ್ನುವಂತೆ ತಲೆಯಾಡಿಸಿದಳು. ಗಂಡ ಫೋಟೋ ತೆಗೆದ. ಮುಚ್ಚಳ ಹಾಕಿದರು.

ಆ ಫೋಟೋವನ್ನೂ ಅವನು ಜಾಲತಾಣಕ್ಕೆ ಹಾಕಿದ. ಕಣ್ಣಿದ್ದವರಿಗೆ ಗಂಟು ಎದ್ದು ಕಾಣುತ್ತಿತ್ತು. ಎಂದಿನಂತೆ ಕೆಳಗೆ ಆಮೆನ್‌ಗಳು ಬಂದವು. ಇದೇನು ಅಂತ ಒಬ್ಬರೂ ಕೇಳಲಿಲ್ಲ.

ಮುಂದೆ ಅವರು ಟೇಕಲ್ ಬಿಟ್ಟರು. ಎಲ್ಲಿಗೆ ಹೋದರೆಂದು ಅಲ್ಲಿ ಯಾರೂ ಸರಿಯಾಗಿ ಹೇಳಲಿಲ್ಲ. ಜಾಲತಾಣವೂ ಮುಚ್ಚಿತು, ಫೋಟೋಗಳೂ ಹೋದವು. ಸಭೆಯ ಹೆಣ್ಣುಮಕ್ಕಳು ಈಗ ನನ್ನ ಹತ್ತಿರ, ವಿಶ್ವಾಸಿ ಹೆಂಗಸು ಇಂಥ ಜಾಲತಾಣಗಳಲ್ಲೆಲ್ಲ ಇರಬಹುದಾ ಅಕ್ಕ ಅಂತ ಕೇಳುತ್ತಾರೆ. ಇರಿ ಅನ್ನುತ್ತೇನೆ. ಬರೆಯುವ ಮುಂಚೆ ಇದು ನಿಮ್ಮದಾ, ಅವರದಾ ಅಂತ ನೋಡಿಕೊಳ್ಳಿ ಅನ್ನುತ್ತೇನೆ. ಹಾಗೆ ನೋಡಿಕೊಳ್ಳುವುದನ್ನು ಕಲಿಸಿದವರೇ ಎಡವಿದ್ದರು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ನಾವು ಬಾಯಿ ಮುಚ್ಚಿಕೊಂಡಿದ್ದರೆ ಆ ಹುಡುಗಿ ಪಾರಾಗುತ್ತಿದ್ದಳಾ, ಊರಿಗೇ ಕೂಗಿ ಹೇಳಿದ್ದರೆ ಪಾರಾಗುತ್ತಿದ್ದಳಾ, ನನಗೆ ಇನ್ನೂ ತಿಳಿದಿಲ್ಲ. ದೇವರನ್ನೂ ಕೇಳಿದ್ದೇನೆ.

ಬೆಳಿಗ್ಗೆ ಸೀರೆ ಉಡುವಾಗ ಸೆರಗಿನ ತುದಿಗೆ ಒಂದೇ ಒಂದು ಗಂಟು ಹಾಕಿಕೊಳ್ಳುತ್ತೇನೆ. ಸಂಜೆ ಆ ಸೀರೆ ಬಿಚ್ಚಿ ಮಡಿಸುವಾಗಲೂ ಅದನ್ನು ಬಿಡಿಸುವುದಿಲ್ಲ. ಬೀರುವಿನಲ್ಲಿರುವ ನನ್ನ ಸೀರೆಗಳೆಲ್ಲ ಈಗ ತುದಿಯಲ್ಲಿ ಮುದುಡಿವೆ. ಬಿಡಿಸಬೇಕಾದವಳು ಇನ್ನೂ ಬಂದಿಲ್ಲ.